ಹಳೇ ಶಿಷ್ಯರನ್ನು ಕೇಳು, ಪುಟ್ಟಿ

ಪಿಎಚ್.ಡಿ.ಗೆ ಅರ್ಜಿ ಹಾಕುತ್ತಿದ್ದೀಯಂತೆ, ನಿಮ್ಮಪ್ಪ ಹೇಳಿದ. ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿದೆ, ತಿಂಗಳಿಗೆ 37,000 ರೂಪಾಯಿ ಬರುತ್ತದೆ, ವಿಷಯವೂ ಗೊತ್ತಾಗಿದೆ. ಸಂತೋಷ. ಆದರೆ ಗೈಡ್ ಯಾರು ಎಂದು ಕೇಳಿದರೆ "ದೊಡ್ಡ ಹೆಸರು, ದೊಡ್ಡಪ್ಪ" ಎಂದೆಯಲ್ಲ, ಅಲ್ಲೇ ನನಗೆ ಅಳುಕು.

ಬಾಡಿಗೆ ಮನೆ ನೋಡಲು ಹೋದಾಗ ನೀರು ಬರುತ್ತದಾ ಎಂದು ಓನರನ್ನು ಕೇಳಿ ಪ್ರಯೋಜನವಿಲ್ಲ. ಖಾಲಿ ಮಾಡುತ್ತಿರುವವರನ್ನು ಕೇಳಬೇಕು. ಗೈಡ್ ವಿಷಯವೂ ಅಷ್ಟೇ. ಈಗ ಅವರ ಕೈಕೆಳಗಿರುವ ಹುಡುಗರು ಹೊಗಳುತ್ತಾರೆ. ಪಾಪ, ಇನ್ನೂ ಸಹಿ ಬೀಳಬೇಕಲ್ಲ! ಮುಗಿಸಿ ಹೋದವರನ್ನು ಹುಡುಕು. ಅರ್ಧಕ್ಕೆ ಬಿಟ್ಟವರು ಸಿಕ್ಕರಂತೂ ಬಿಡಲೇಬೇಡ. "ಒಳ್ಳೆಯವರಾ?" ಎಂದು ಕೇಳಿದರೆ ಹೌದೆಂದುಬಿಡುತ್ತಾರೆ. ಬರೆದುಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತಿತ್ತು, ಪೇಪರಿನಲ್ಲಿ ಮೊದಲ ಹೆಸರು ಯಾರದಿರುತ್ತಿತ್ತು, ಒಂದು ಸಹಿಗಾಗಿ ಎಷ್ಟು ಹೊತ್ತು ಬಾಗಿಲು ಕಾಯಬೇಕಿತ್ತು, ಇಂಥವನ್ನು ಕೇಳು. ನನ್ನ ಗೈಡ್ ಮಹಾ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ನನ್ನ ಮೂರನೇ ಅಧ್ಯಾಯ ಅವರ ಕಾರಿನ ಡಿಕ್ಕಿಯಲ್ಲಿ ಹನ್ನೊಂದು ತಿಂಗಳು ಊರೂರು ತಿರುಗಿತು. ವಾಪಸ್ ಬಂದಾಗ ಒಂದು ಅಲ್ಪವಿರಾಮ ತಿದ್ದಿದ್ದರು.

ನಿನ್ನ ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲುತ್ತದೆ, ಅಧ್ಯಾಯ ಡಿಕ್ಕಿಯಲ್ಲಿದ್ದರೂ ನಿಲ್ಲುತ್ತದೆ. ಅದಕ್ಕೇ ಶೋಧಗಂಗಾ ಜಾಲತಾಣದಲ್ಲಿ ನೀನು ಹೇಳಿದ ಗೈಡ್ ಹೆಸರು ಹಾಕಿ ಹುಡುಕು. ಶಿಷ್ಯರ ಥೀಸಿಸ್‌ಗಳು ಸಾಲಾಗಿ ಬರುತ್ತವೆ. ಸೇರಿದ ತಾರೀಖು, ಮುಗಿಸಿದ ತಾರೀಖು ಎಷ್ಟೋ ಕಡೆ ನಮೂದಾಗಿರುತ್ತದೆ. ಎರಡು ಥೀಸಿಸ್‌ಗಳನ್ನಾದರೂ ತೆರೆದು ಕೃತಜ್ಞತೆಯ ಪುಟ ಓದು. ಗೈಡ್‌ಗೆ ಎರಡು ಒಣ ಸಾಲು, ಸೀನಿಯರ್‌ಗೆ ಒಂದಿಡೀ ಪ್ಯಾರಾ ಇದ್ದರೆ, ಕೆಲಸ ಕಲಿಸಿದ್ದು ಯಾರೆಂದು ನೀನೇ ಊಹಿಸಿಕೊ.

ವಯಸ್ಸನ್ನೂ ಲೆಕ್ಕ ಹಾಕು, ಸಂಕೋಚ ಬೇಡ. ಯುಜಿಸಿಯ 2022ರ ನಿಯಮದ ಪ್ರಕಾರ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಮೂರೂವರೆ ವರ್ಷ ಉಳಿದಿರುವವರು ತೆಗೆದುಕೊಳ್ಳಬಹುದು; ಆಮೇಲೆ ಅವರು ಕೋ-ಗೈಡ್ ಮಾತ್ರ, ನೀನು ನಡುನೀರಿನಲ್ಲಿ. ಪ್ರೊಫೆಸರ್‌ಗೆ ಎಂಟು ಜನರ ತನಕ ಅವಕಾಶ, ಅಸಿಸ್ಟೆಂಟ್ ಪ್ರೊಫೆಸರ್‌ಗೆ ನಾಲ್ಕೇ. ಹೆಸರಿಲ್ಲದವರೆಂದು ಅಂಥವರನ್ನು ತಳ್ಳಿಹಾಕಬೇಡ. ನಾಲ್ವರಲ್ಲಿ ಒಬ್ಬಳಾದರೆ ನಿನ್ನ ಅಧ್ಯಾಯ ಓದಲು ಅವರಿಗೆ ಪುರಸೊತ್ತಾದರೂ ಇರುತ್ತದೆ.

ಈ ಭಾನುವಾರ ಇಬ್ಬರಿಗಾದರೂ ಫೋನ್ ಮಾಡು. ಮೆಸೇಜ್ ಬೇಡ, ಗೈಡ್ ಬಗ್ಗೆ ಯಾರೂ ಬರೆದು ಕೊಡುವುದಿಲ್ಲ.