ಸೊಪ್ಪಿನ ಪಾಸ್ತಾ: ರುಚಿಗೂ ಸೈ, ಆರೋಗ್ಯಕ್ಕೂ ಸೈ

ಪಾಸ್ತಾ ಎಂದರೆ ಬೆಣ್ಣೆ, ಚೀಸ್ ಸುರಿದ ಹೋಟೆಲ್ ತಿಂಡಿ ಎಂಬ ಭಾವನೆ ಅನೇಕರಲ್ಲಿದೆ. ಮಕ್ಕಳು ಕೇಳಿದಾಗ ‘ಬರೀ ಮೈದಾ’ ಎಂದು ಹಿರಿಯರು ಮುಖ ಸಿಂಡರಿಸುವುದೂ ಉಂಟು. ಆದರೆ ಅದರ ತವರಾದ ಇಟಲಿಯಲ್ಲಿ ಬಡವರ ಮನೆಗಳಲ್ಲಿ ಬೆಳೆದು ಬಂದ ಒಂದು ಅಡುಗೆಯಿದೆ. ಅದರಲ್ಲಿ ಪಾಸ್ತಾಕ್ಕಿಂತ ಸೊಪ್ಪೇ ಹೆಚ್ಚು.

ದಕ್ಷಿಣ ಇಟಲಿಯ ಪುಲ್ಯಾ ಪ್ರಾಂತದ ಈ ಅಡುಗೆಗೆ ಬಳಸುವ ಪಾಸ್ತಾದ ಹೆಸರು ಒರೆಕ್ಯೆತ್ತೆ, ಅಂದರೆ ‘ಪುಟ್ಟ ಕಿವಿ’. ಅಲ್ಲಿನ ಬಾರಿ ಎಂಬ ನಗರದ ಹಳೆಯ ಓಣಿಗಳಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಕುಳಿತು ಇದನ್ನು ಕೈಯಿಂದ ಮಾಡುತ್ತಾರೆ. ಜೊತೆಗೆ ಬೇಯಿಸುವ ಸೊಪ್ಪು ‘ಚೀಮೆ ದಿ ರಾಪಾ’. ಇದು ಸಾಸಿವೆಯ ಬಳಗಕ್ಕೆ ಸೇರಿದ್ದು. ನಮ್ಮಲ್ಲಿ ಸಾಸಿವೆ ಸೊಪ್ಪು ಅಥವಾ ಎಳೆಯ ಮೂಲಂಗಿ ಸೊಪ್ಪು ಬಳಸಬಹುದು.

ಮಾಡುವ ವಿಧಾನ

ನಾಲ್ವರಿಗೆ 300 ಗ್ರಾಂ ಒಣ ಪಾಸ್ತಾ, ಬಿಡಿಸಿ ತೊಳೆದ 600 ಗ್ರಾಂ ಸೊಪ್ಪು ಬೇಕು. ಮೂರು ಲೀಟರ್ ನೀರು ಕುದಿಸಿ ಉಪ್ಪು ಹಾಕಿ. ಇಟಲಿಯವರು ಲೀಟರಿಗೆ ಸುಮಾರು 10 ಗ್ರಾಂ ಉಪ್ಪು ಹಾಕುತ್ತಾರೆ. ಅದರ ಅರ್ಧ ಸಾಕು. ಪಾಸ್ತಾ ಹಾಕಿ, ಬೇಯಲು ಐದು ನಿಮಿಷ ಉಳಿದಿರುವಾಗ ಹೆಚ್ಚಿದ ಸೊಪ್ಪನ್ನೂ ಅದೇ ಪಾತ್ರೆಗೆ ಸೇರಿಸಿ. ಅಗಲ ಬಾಣಲೆಯಲ್ಲಿ ಮೂರು ಚಮಚ ಆಲಿವ್ ಎಣ್ಣೆ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ ಬಾಡಿಸಿ. ಪುಲ್ಯಾದವರು ಇದಕ್ಕೆ ಉಪ್ಪು ಹಾಕಿಟ್ಟ ಪುಟ್ಟ ಮೀನು ಬೆರೆಸುತ್ತಾರೆ. ಸಸ್ಯಾಹಾರಿಗಳು ಹುರಿದ ಬ್ರೆಡ್ ಪುಡಿ ಉದುರಿಸಬಹುದು. ಬಸಿದ ಪಾಸ್ತಾ, ಸೊಪ್ಪು ಮತ್ತು ಬೆಂದ ನೀರು ಅರ್ಧ ಲೋಟ ಬಾಣಲೆಗೆ ಹಾಕಿ ಕಲಸಿ. ಒಲೆ ಆರಿಸಿ ನಿಂಬೆರಸ ಹಿಂಡಿ. ಇಪ್ಪತ್ತೈದು ನಿಮಿಷದಲ್ಲಿ ಊಟ ಸಿದ್ಧ.

ಏಕೆ ಒಳ್ಳೆಯದು?

ಸೊಪ್ಪಿನ ಫೋಲೇಟ್ ಮತ್ತು ‘ಸಿ’ ಜೀವಸತ್ವ ಸ್ವಲ್ಪ ಮಟ್ಟಿಗೆ ನೀರಿಗಿಳಿಯುತ್ತವೆ. ಆ ನೀರನ್ನು ಬಳಸಿದರೆ ಒಂದಿಷ್ಟು ಮರಳಿ ದೊರೆಯುತ್ತದೆ. ಎಣ್ಣೆಯಿದ್ದರೆ ಕ್ಯಾರೊಟಿನ್ ಚೆನ್ನಾಗಿ ಹೀರಲ್ಪಡುತ್ತದೆ. ಸೊಪ್ಪಿನ ಕಬ್ಬಿಣ ಸುಲಭವಾಗಿ ರಕ್ತ ಸೇರುವುದಿಲ್ಲ. ನಿಂಬೆರಸ ಅದಕ್ಕೆ ನೆರವಾಗುತ್ತದೆ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಈ ಲಾಭ ಕುಗ್ಗುತ್ತದೆ. ರಕ್ತಹೀನತೆಯುಳ್ಳ ಹೆಣ್ಣುಮಕ್ಕಳು ಒಂದು ಗಂಟೆ ತಡೆಯುವುದು ಲೇಸು.

ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯ ರವೆಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನಾಯಿತು. ಇಲ್ಲಿಯೂ ಪೊಟ್ಟಣದ ಮೇಲೆ ಡ್ಯೂರಮ್ ಎಂದಿದೆಯೇ ನೋಡಿ ಕೊಳ್ಳಿ. ಅಂಥ ಪಾಸ್ತಾವನ್ನು ಮುದ್ದೆಯಾಗದಂತೆ ಬೇಯಿಸಿದರೆ ಅದರ ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತದೆ. ಬಿಳಿ ಬ್ರೆಡ್ ತಿಂದಾಗಿನಷ್ಟು ಬೇಗ ರಕ್ತದ ಸಕ್ಕರೆ ಏರುವುದಿಲ್ಲ. ಆದರೂ ಮಧುಮೇಹಿಗಳು ತಮ್ಮ ಪಾಲಿನ ಪಾಸ್ತಾವನ್ನು 50 ಗ್ರಾಂಗೆ ಇಳಿಸಿ ಸೊಪ್ಪನ್ನು ಹೆಚ್ಚಿಸಬೇಕು.

ಯಾರು ಎಚ್ಚರ ವಹಿಸಬೇಕು?

ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡು ವಾರ್ಫರಿನ್‌ನಂಥ ಮಾತ್ರೆ ಸೇವಿಸುವವರು ಇದನ್ನು ಗಮನವಿಟ್ಟು ಓದಬೇಕು. ಹಸಿರು ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವ ರಕ್ತ ಹೆಪ್ಪುಗಟ್ಟಲು ಸಹಾಯಕ. ಸೊಪ್ಪನ್ನು ಏಕಾಏಕಿ ಹೆಚ್ಚು ತಿಂದರೆ ಮಾತ್ರೆಯ ಬಲ ಕುಗ್ಗಿ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಪೂರ್ತಿ ಬಿಟ್ಟರೆ ರಕ್ತಸ್ರಾವದ ಭಯ. ಆದ್ದರಿಂದ ಸೊಪ್ಪು ಬಿಡಬೇಕಿಲ್ಲ. ಪ್ರತಿ ವಾರವೂ ಒಂದೇ ಪ್ರಮಾಣದಲ್ಲಿರಲಿ. ಬದಲಾವಣೆ ಮಾಡುವ ಮೊದಲು ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಿ.

ಆಕ್ಸಲೇಟ್‌ನಿಂದಾದ ಮೂತ್ರಪಿಂಡದ ಕಲ್ಲಿನ ತೊಂದರೆಯಿದ್ದವರು ಪಾಲಕ್, ಹರಿವೆಯ ಬದಲು ಆಕ್ಸಲೇಟ್ ಕಡಿಮೆಯಿರುವ ಸಾಸಿವೆ ಸೊಪ್ಪನ್ನೇ ಆರಿಸಿಕೊಳ್ಳಲಿ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗಿಗಳಿಗೆ ಗೋಧಿಯ ಪಾಸ್ತಾ ನಿಷಿದ್ಧ.

ಉಳಿದವರು ಮುಂದಿನ ಬಾರಿ ಮಕ್ಕಳು ಪಾಸ್ತಾ ಕೇಳಿದಾಗ ಬೇಡವೆನ್ನಬೇಕಾಗಿಲ್ಲ. ಒಂದು ಪಾಲು ಪಾಸ್ತಾ, ಎರಡು ಪಾಲು ಸೊಪ್ಪು ಎಂಬ ಲೆಕ್ಕ ನೆನಪಿದ್ದರೆ ಸಾಕು.