ಇತಿಹಾಸದಲ್ಲಿ ಆಧಾರವೆಂದರೇನು?

ಭೌತಶಾಸ್ತ್ರದ ವಿದ್ಯಾರ್ಥಿಗೆ ಒಂದು ನಿಯಮದಲ್ಲಿ ಸಂದೇಹ ಹುಟ್ಟಿದರೆ ಪ್ರಯೋಗಶಾಲೆಗೆ ಹೋಗಿ ಆ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡಬಲ್ಲನು. ಇತಿಹಾಸದ ವಿದ್ಯಾರ್ಥಿಗೆ ಆ ಸೌಲಭ್ಯವಿಲ್ಲ. ಕಲ್ಯಾಣದ 12ನೆಯ ಶತಮಾನವನ್ನು ಯಾರೂ ಮತ್ತೆ ನಡೆಸಿ ತೋರಿಸಲಾರರು. ಗತಿಸಿದ ಕಾಲವು ಬಿಟ್ಟುಹೋದ ಗುರುತುಗಳಿಂದಲೇ ಅದನ್ನು ಅರಿಯಬೇಕು. ಆ ಗುರುತುಗಳಿಗೆ ಆಧಾರಗಳೆಂದು ಹೆಸರು. ಮಾನವಿಕ ಶಾಸ್ತ್ರಗಳ ಅಧ್ಯಯನಕ್ಕೆ ತೊಡಗುವವರು ಮೊದಲು ಮನಗಾಣಬೇಕಾದ ಪರಿಕಲ್ಪನೆ ಇದು.

ಆಧಾರಗಳಲ್ಲಿ ಎರಡು ಬಗೆಯುಂಟು. ಘಟನೆಯ ಕಾಲದಲ್ಲಿ ಅಥವಾ ಅದಕ್ಕೆ ಸಮೀಪದಲ್ಲಿ ಹುಟ್ಟಿದ ಶಾಸನ, ನಾಣ್ಯ, ಕಟ್ಟಡ, ಪತ್ರ ಮೊದಲಾದವು ಪ್ರಾಥಮಿಕ ಆಧಾರಗಳು. ಅವನ್ನು ಪರಿಶೀಲಿಸಿ ಅನಂತರದವರು ಬರೆದ ಗ್ರಂಥಗಳು ದ್ವಿತೀಯಕ ಆಧಾರಗಳು. ಈ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆಯುವುದು ಸುಲಭ. ಅದನ್ನು ಬಳಸಿ ಯೋಚಿಸುವುದು ಕಷ್ಟ. ಆದುದರಿಂದ ನಮ್ಮ ಪರಂಪರೆಗೇ ಸಂಬಂಧಿಸಿದ ಒಂದು ಉದಾಹರಣೆಯನ್ನು ಇಲ್ಲಿ ವಿವರಿಸಬಯಸುತ್ತೇನೆ.

ಬಸವಣ್ಣನವರ ಚರಿತ್ರೆಯನ್ನು ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, 1369ರಲ್ಲಿ ರಚಿತವಾದ ಭೀಮಕವಿಯ ಕನ್ನಡ ಬಸವಪುರಾಣ ಮುಂತಾದ ಕಾವ್ಯಗಳು ಸಾರುತ್ತ ಬಂದಿವೆ. 19ನೆಯ ಶತಮಾನದ ಕೊನೆಯಲ್ಲಿ ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ವಿದ್ವಾಂಸರು ಈ ಕಥನದ ಬಗೆಗೆ ಸಂದೇಹವೆತ್ತಿದರು. ಅವರು ಕನ್ನಡದ ವೈರಿಗಳಲ್ಲ. ಕನ್ನಡ ನಾಡಿನ ನೂರಾರು ಶಾಸನಗಳನ್ನು ಓದಿ ಪ್ರಕಟಿಸಿದವರು, ನಮ್ಮ ಲಾವಣಿಗಳನ್ನು ಸಂಗ್ರಹಿಸಿದವರು. ಬಿಜ್ಜಳನ ಮಂತ್ರಿಯಾಗಿದ್ದ ಇಷ್ಟು ದೊಡ್ಡ ಪುರುಷನ ಹೆಸರು ಆ ಕಾಲದ ಶಾಸನಗಳಲ್ಲಿ ಏಕಿಲ್ಲವೆಂಬುದು ಅವರ ಪ್ರಶ್ನೆ. ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಶಾಸನವೊಂದು ಏಕಾಂತದ ರಾಮಯ್ಯನನ್ನು ಕೊಂಡಾಡುತ್ತದೆ. ಅದರ ಬಲದಿಂದ, ವೀರಶೈವದ ಪುನರುಜ್ಜೀವನಕ್ಕೆ ಮುಖ್ಯ ಕಾರಣನು ರಾಮಯ್ಯನೇ ಇರಬೇಕೆಂದು ಅವರು ಊಹಿಸಿದರು.

ಈ ಮಾತಿನಿಂದ ಭಕ್ತರ ಮನಸ್ಸಿಗೆ ನೋವಾಗುವುದು ಸಹಜ. ಆದರೆ ಸಂದೇಹವನ್ನು ನಿವಾರಿಸಿದುದು ಕೋಪವಲ್ಲ, ಒಂದು ಕಲ್ಲು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ಸೇವುಣರ ಅರಸು ಕನ್ನರನ ಕಾಲದ, 1260ರ ಶಾಸನವು 20ನೆಯ ಶತಮಾನದಲ್ಲಿ ಬೆಳಕಿಗೆ ಬಂದಿತು. ಬಸವಣ್ಣನವರ ಮನೆತನದ ಹಾಲಬಸವಿದೇವನಿಗೆ ದಾನವಿತ್ತುದನ್ನು ಹೇಳುವಾಗ ಅದು ಬಾಗೇವಾಡಿಯನ್ನೂ ಮಾದಿರಾಜನನ್ನೂ ಆತನ ಮಗ ಬಸವರಾಜನನ್ನೂ ಹೆಸರಿಸುತ್ತದೆ. ಕಾವ್ಯಗಳು ಹೇಳುತ್ತಿದ್ದ ಊರಿಗೂ ತಂದೆಯ ಹೆಸರಿಗೂ ಶಿಲೆಯ ಸಾಕ್ಷ್ಯ ಒದಗಿತು.

ಈ ವೃತ್ತಾಂತದಿಂದ ವಿದ್ಯಾರ್ಥಿಗಳು ಕಲಿಯಬೇಕಾದುದು ಮೂರು.

ಮೊದಲನೆಯದಾಗಿ, ಆಧಾರದ ಮೌನವು ಅಭಾವದ ಸಾಕ್ಷಿಯಲ್ಲ. ಇದುವರೆಗೆ ದೊರೆಯದಿದ್ದುದು ಇಲ್ಲವೇ ಇಲ್ಲವೆಂದು ತೀರ್ಮಾನಿಸಲಾಗದು. ಫ್ಲೀಟರ ಪ್ರಶ್ನೆ ನ್ಯಾಯವಾದುದು. ಅವರ ಉತ್ತರ ಅವಸರದ್ದು.

ಎರಡನೆಯದಾಗಿ, ಕಲ್ಲಿನಲ್ಲಿ ಕೊರೆದ ಮಾತ್ರಕ್ಕೆ ಎಲ್ಲವೂ ಘಟನೆಯಾಗುವುದಿಲ್ಲ. ರಾಮಯ್ಯನು ತನ್ನ ಶಿರಸ್ಸನ್ನು ಅರಿದು ಮರಳಿ ಪಡೆದನೆಂಬ ಪವಾಡವನ್ನು ಅಬ್ಬಲೂರಿನ ಶಾಸನವೇ ಹೇಳುತ್ತದೆ. ಅರ್ಜುನವಾಡದ ಶಾಸನವಾದರೂ ಬಸವಣ್ಣನವರಿಗಿಂತ ಸುಮಾರು ಒಂದು ಶತಮಾನ ಈಚಿನದು. ಅದರ ಉದ್ದೇಶ ದಾನವನ್ನು ದಾಖಲಿಸುವುದೇ ಹೊರತು ಜೀವನಚರಿತ್ರೆಯನ್ನು ಬರೆಯುವುದಲ್ಲ. ಇದನ್ನು ಯಾರು, ಯಾವಾಗ, ಏತಕ್ಕಾಗಿ ಬರೆಯಿಸಿದರು ಎಂದು ಪ್ರತಿಯೊಂದು ಆಧಾರವನ್ನೂ ಕೇಳಬೇಕು.

ಮೂರನೆಯದಾಗಿ, ಒಂದು ಬಗೆಯ ಆಧಾರ ಮತ್ತೊಂದರ ಕೆಲಸವನ್ನು ಮಾಡಲಾರದು. ಶಾಸನವು ಹೆಸರು, ಊರು, ಕಾಲಗಳನ್ನು ತಿಳಿಸೀತು. ಶರಣರ ಅಂತರಂಗವನ್ನು ತಿಳಿಯಲು ವಚನಗಳೇ ಬೇಕು. ಆ ವಚನಗಳು ತಾಳೆಗರಿಗಳ ಕಟ್ಟುಗಳಲ್ಲಿ ಮಠಗಳ, ಮನೆಗಳ ಮೂಲೆ ಸೇರಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಅವನ್ನು ಅರಸಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇಲ್ಲಿಯೂ ಎಚ್ಚರ ಅವಶ್ಯ: ವಚನ ಹುಟ್ಟಿದ ಕಾಲ ಬೇರೆ, ಅದನ್ನು ಗರಿಯ ಮೇಲೆ ಪ್ರತಿಮಾಡಿದ ಕಾಲ ಬೇರೆ. ಕೈಬದಲಾದಂತೆ ಪಾಠಭೇದಗಳು ಸೇರಿಕೊಳ್ಳುತ್ತವೆ. ಆದ್ದರಿಂದಲೇ ಹಲವು ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದನೆ ಒಂದು ಶಾಸ್ತ್ರವಾಗಿ ಬೆಳೆಯಿತು.

ಪ್ರಶ್ನಿಸುವುದರಿಂದ ಶ್ರದ್ಧೆ ಕುಂದುವುದೆಂದು ಕೆಲವರು ಅಂಜುತ್ತಾರೆ. ಆ ಅಂಜಿಕೆಗೆ ಕಾರಣವಿಲ್ಲ. ಒಪ್ಪಿಕೊಂಡು ಬಂದುದನ್ನೆಲ್ಲ ಅನುಭವದ ಒರೆಗೆ ಹಚ್ಚಿ ನೋಡಿದವರ ಪರಂಪರೆ ನಮ್ಮದು. ಅಂಥ ಪರಂಪರೆಯ ಶಾಲೆಯಲ್ಲಿ ಕಲಿಯುವ ಬಾಲಕ ಬಾಲಿಕೆಯರು ‘ಇದಕ್ಕೆ ಆಧಾರವೇನು?’ ಎಂದು ಗುರುಗಳನ್ನು ಕೇಳಿದರೆ ಅದು ಅವಿಧೇಯತೆಯಲ್ಲ, ವಿದ್ಯೆಯ ಆರಂಭ.

ಇನ್ನು ಹಿರಿಯರಲ್ಲೊಂದು ಬಿನ್ನಹ. ಹಳೆಯ ಊರುಗಳಲ್ಲಿ ಅರ್ಧ ಹೂತುಹೋದ ಶಾಸನಗಳುಂಟು, ಬಟ್ಟೆ ಒಗೆಯುವ ಬಂಡೆಯಾದ ವೀರಗಲ್ಲುಗಳುಂಟು. ಅಟ್ಟದ ಮೇಲೆ ಗೆದ್ದಲು ತಿನ್ನುತ್ತಿರುವ ತಾಳೆಗರಿಗಳೂ ಉಂಟು. ಅರ್ಜುನವಾಡದ ಕಲ್ಲನ್ನು ಯಾರಾದರೂ ಒಡೆದು ಗೋಡೆಗೆ ಹಾಕಿದ್ದರೆ ನಮಗೆ ಎಂಥ ನಷ್ಟವಾಗುತ್ತಿತ್ತೆಂಬುದನ್ನು ಯೋಚಿಸಬೇಕು. ಅಧ್ಯಾಪಕರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಅಂಥ ಕಲ್ಲಿನ ಮುಂದೆ ನಿಲ್ಲಿಸಿ ಓದಿಸಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ಮನೆಯ ಹಸ್ತಪ್ರತಿಗಳನ್ನು ಹಾಳಾಗಗೊಡದೆ ಬಲ್ಲವರಿಗೆ ತೋರಿಸಲಿ. ಆಧಾರವನ್ನು ಅರಿಯುವುದು ಎಷ್ಟು ಮುಖ್ಯವೋ ಅದನ್ನು ಮುಂದಿನವರಿಗೆ ಉಳಿಸುವುದೂ ಅಷ್ಟೇ ಮುಖ್ಯ.