ಬಯಲಾಟದ ತುಣುಕುಗಳನ್ನು ಕೂಡಿಸುವಲ್ಲಿ

ಯಕ್ಷಗಾನದ ಬಯಲಾಟವೆಂಬುದು ರಾತ್ರಿಯ ಚೌಕಿಪೂಜೆಯಿಂದ ಮೊದಲ್ಗೊಂಡು ಬೆಳಗಿನ ಮಂಗಳದವರೆಗೆ ಎಡೆಬಿಡದೆ ಸಾಗತಕ್ಕ ಕಲೆ. ಅದನ್ನು ದಾಖಲಿಸುವ ಯಂತ್ರಕ್ಕಾದರೋ ಅಷ್ಟು ದೀರ್ಘವಾದ ಶ್ವಾಸವಿಲ್ಲ. ನಮ್ಮ ಕುಟುಂಬದ ಹರಕೆಯ ನಿಮಿತ್ತ ಮನೆಯ ಮುಂದಿನ ಗದ್ದೆಯಲ್ಲಿ ನಡೆಯುವ ‘ದೇವಿಮಹಾತ್ಮೆ’ಯನ್ನು ಆದ್ಯಂತವಾಗಿ ಚಿತ್ರಿಸಿ, ಊರಿಗೆ ಬರಲಾಗದ ಬಂಧುಗಳಿಗಾಗಿ ಒಂದೇ ಅಖಂಡ ಫೈಲನ್ನಾಗಿ ಮಾಡಿಕೊಡುವ ಹೊಣೆಯನ್ನು ಕೆಲವು ವರ್ಷಗಳಿಂದ ಹೊತ್ತಿರುವೆನಾದ ಕಾರಣ, ಈ ಜೋಡಣೆಯಲ್ಲಿ ಯಾವುದು ಸುಲಭ, ಯಾವುದು ಸುಲಭವೆಂದು ತೋರುವುದು ಮಾತ್ರ, ಎಂಬ ವಿವೇಕವು ಸ್ವಲ್ಪಮಟ್ಟಿಗೆ ನನಗೆ ಲಭಿಸಿದೆ.

ತುಣುಕುಗಳಲ್ಲಿ ಹೆಚ್ಚಿನವು ಕ್ಯಾಮೆರಾ ತಾನಾಗಿಯೇ ಕಡಿದವು. ಅದರ ಮೆಮೊರಿ ಕಾರ್ಡು ಅನುಸರಿಸುವ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಯಾವ ಫೈಲೂ 4 ಗಿಗಾಬೈಟನ್ನು ಮೀರುವಂತಿಲ್ಲವಾದುದರಿಂದ, ಸೆಕೆಂಡಿಗೆ 24 ಮೆಗಾಬಿಟ್ ಪ್ರಮಾಣದಲ್ಲಿ ಚಿತ್ರಿಸುವ ಆ ಯಂತ್ರವು, ರಂಗಸ್ಥಳದಲ್ಲಿ ಮಾಲಿನಿಯ ಮಾತು ನಡೆಯುತ್ತಿರಲಿ, ರಕ್ತಬೀಜನ ಆರ್ಭಟ ನಡೆಯುತ್ತಿರಲಿ, ಸುಮಾರು 24 ನಿಮಿಷಗಳಿಗೊಮ್ಮೆ ಒಂದು ಫೈಲನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ. ಇವುಗಳ ಜೊತೆಗೆ ಮನೆಮಂದಿಯ ಮೊಬೈಲುಗಳಿಂದ ಬಂದ ಕ್ಲಿಪ್ಪುಗಳು ಬೇರೆ. ಏಕೆಂದರೆ ಮಹಿಷಾಸುರನು ದೊಂದಿಯ ಬೆಳಕಿನಲ್ಲಿ ಬರುವುದು ಪ್ರೇಕ್ಷಕರ ಬೆನ್ನ ಹಿಂದಿನಿಂದ, ಮತ್ತು ರಂಗಸ್ಥಳದ ಕಡೆಗೆ ಮುಖಮಾಡಿ ನಿಂತ ನನ್ನ ಕ್ಯಾಮೆರಾಕ್ಕೆ ಆ ವೈಭವವು ಕಾಣುವಂತಿಲ್ಲ.

ಚಲನಚಿತ್ರಕ್ಕೆ ಈ ಕಷ್ಟ ಹೊಸದಲ್ಲ. 1895ರಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸಿನಲ್ಲಿ ತೋರಿಸಿದ ಚಿತ್ರಗಳು ಒಂದೊಂದೂ ಸುಮಾರು 50 ಸೆಕೆಂಡಿನವು. 1948ರ ‘ರೋಪ್’ ಚಿತ್ರದಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್, ರೀಲು ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದುದರಿಂದ, ಕ್ಯಾಮೆರಾವನ್ನು ನಟನ ಕೋಟಿನ ಬೆನ್ನಿಗೆ ಒಯ್ದು ಆ ಕತ್ತಲೆಯಲ್ಲಿ ಕೆಲವು ಸಂಧಿಗಳನ್ನು ಮರೆಸಿದನು. ನಮ್ಮ ಮಹಿಷನಿಗೆ ಬೆನ್ನು ತಿರುಗಿಸಿ ಅರೆಕ್ಷಣ ನಿಲ್ಲಯ್ಯಾ ಎಂದು ಹೇಳುವ ಧೈರ್ಯ ಯಾರಿಗಿದೆ!

ಎಂಪಿ4 ಫೈಲುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿದ ಮಾತ್ರಕ್ಕೆ ಕೆಲಸವಾಗದು. ಪ್ರತಿಯೊಂದು ಫೈಲಿನೊಳಗೂ ಯಾವ ಚಿತ್ರ ಎಲ್ಲಿದೆ, ಯಾವ ಧ್ವನಿ ಎಲ್ಲಿದೆ ಎಂಬುದನ್ನು ಸೂಚಿಸುವ ಅನುಕ್ರಮಣಿಕೆಯೊಂದಿರುತ್ತದೆ. ಎರಡು ಪುಸ್ತಕಗಳನ್ನು ಒಟ್ಟಿಗೆ ಹೊಲಿದರೂ ಮೊದಲಿನದರ ವಿಷಯಸೂಚಿಯನ್ನಷ್ಟೇ ನಂಬಿ ಓದುವವನು ಎರಡನೆಯದನ್ನು ಕಾಣದಿರುವಂತೆ, ಪ್ಲೇಯರು ಮೊದಲ ತುಣುಕನ್ನು ತೋರಿಸಿ ಸುಮ್ಮನಾಗುತ್ತದೆ. ಫಾಬ್ರಿಸ್ ಬೆಲ್ಲಾರ್ಡ್ ಎಂಬವರು 2000ದಲ್ಲಿ ಆರಂಭಿಸಿದ, ಉಚಿತವಾಗಿ ದೊರೆಯುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶಕ್ಕೆ, ಸಾದಾ ಪಠ್ಯದ ಫೈಲಿನಲ್ಲಿ ತುಣುಕುಗಳ ಹೆಸರನ್ನು ಸಾಲಾಗಿ ಬರೆದುಕೊಟ್ಟರೆ, ಅದು ಚಿತ್ರವನ್ನು ಬಿಚ್ಚಿ ಮತ್ತೆ ಕಟ್ಟುವ ಗೋಜಿಗೆ ಹೋಗದೆ, ಇದ್ದುದನ್ನು ಇದ್ದಂತೆಯೇ ಪ್ರತಿಮಾಡಿ, ಅನುಕ್ರಮಣಿಕೆಯನ್ನು ಮಾತ್ರ ಹೊಸತಾಗಿ ರಚಿಸುತ್ತದೆ. ಇದರಿಂದ ಗುಣಕ್ಕೆ ಲೇಶವೂ ಕುಂದಿಲ್ಲ, ಕಾಲವೂ ಅಲ್ಪ. ಆದರೆ ತುಣುಕುಗಳೆಲ್ಲ ಏಕಲಕ್ಷಣದವಾಗಿದ್ದರೆ ಮಾತ್ರ ಈ ಸೌಲಭ್ಯ.

ಮೊಬೈಲಿನವು ಹಾಗಿರುವುದಿಲ್ಲ. ಕ್ಯಾಮೆರಾದ್ದು ಸೆಕೆಂಡಿಗೆ 25 ಚಿತ್ರ. ಮೊಬೈಲಿನದು 30 ಎಂದು ಹೆಸರಿಗೆ, ಬೆಳಕು ಕಡಿಮೆಯಾದಲ್ಲಿ ಅದಕ್ಕಿಂತಲೂ ಇಳಿಯುತ್ತದೆ. ನಿಲುವಾಗಿ ಹಿಡಿದು ತೆಗೆದುದಕ್ಕೆ ‘ತಿರುಗಿಸಿ ನೋಡು’ ಎಂಬ ಗುರುತು ಫೈಲಿನೊಳಗಿದ್ದು, ಕೂಡಿಸುವಾಗ ಆ ಗುರುತು ಬಿಟ್ಟುಹೋಗಿ ಅಸುರನು ಅಡ್ಡಬೀಳುವುದುಂಟು. ಆದಕಾರಣ ಅಂಥವುಗಳನ್ನು ಮಾತ್ರ ಮೊದಲೇ ಕ್ಯಾಮೆರಾದ ಲಕ್ಷಣಗಳಿಗೆ ಹೊಂದುವಂತೆ ಮರು ಎನ್‌ಕೋಡ್ ಮಾಡಿಕೊಂಡು, ಬಹುಸಂಖ್ಯೆಯ ತುಣುಕುಗಳನ್ನು ಮುಟ್ಟದೆ ಬಿಡತಕ್ಕದ್ದು. ಎಲ್ಲವನ್ನೂ ಒಟ್ಟಿಗೆ ಸುರಿದು ಹೊಸತಾಗಿ ಬೇಯಿಸಿಬಿಡುವವರ ಆತುರ ನನಗೆ ಸರಿಕಾಣದು.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಧ್ವನಿಯ ವಿಚಾರ. ಸೆಕೆಂಡಿಗೆ 44,100 ಮಾದರಿಗಳ ಧ್ವನಿಯುಳ್ಳ ಕ್ಲಿಪ್ಪನ್ನು 48,000ದವುಗಳ ಸಾಲಿನಲ್ಲಿ ಹಾಗೆಯೇ ಸೇರಿಸಿದರೆ, ಯಂತ್ರವು ಅದನ್ನೂ 48,000ವೆಂದೇ ಬಗೆದು ಓಡಿಸುವುದರಿಂದ, ಭಾಗವತರ ಶ್ರುತಿಯು ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಮೇಲೇರಿ ಪದ್ಯವು ಧಾವಿಸತೊಡಗುತ್ತದೆ. ಲಕ್ಷಣಗಳೆಲ್ಲ ಸಮವಾಗಿದ್ದಲ್ಲಿಯೂ ತೊಡಕು ತೀರದು: ಚಿತ್ರವೊಂದರ ಅವಧಿ 40 ಮಿಲಿಸೆಕೆಂಡು, ಎಎಸಿ ಧ್ವನಿಯಾದರೋ 1,024 ಮಾದರಿಗಳ ಕಟ್ಟುಗಳಲ್ಲಿ, ಎಂದರೆ ಸುಮಾರು 21 ಮಿಲಿಸೆಕೆಂಡಿನಂತೆ ತುಂಬಲ್ಪಟ್ಟಿರುವುದು, ಆದ್ದರಿಂದ ಫೈಲಿನ ಕೊನೆಯಲ್ಲಿ ಚಿತ್ರವೂ ಧ್ವನಿಯೂ ಒಂದೇ ಬಿಂದುವಿನಲ್ಲಿ ಮುಗಿಯುವುದು ಅಪರೂಪ. ಮಾತಿನ ನಡುವೆ ಈ ಬಿರುಕು ಯಾರ ಗಮನಕ್ಕೂ ಬಾರದು. ಚೆಂಡೆಯ ಉರುಳಿಕೆಯ ನಡುವೆ ಬಂದರೆ, ಮದ್ದಳೆಯ ಅಭ್ಯಾಸವುಳ್ಳ ನನ್ನ ಸೋದರಮಾವನವರು ಕಣ್ಣು ಮುಚ್ಚಿ ಕುಳಿತಲ್ಲಿಂದಲೇ “ಇಲ್ಲಿ ಏನೋ ತಪ್ಪಿತಲ್ಲ ಮಾರಾಯಾ” ಎನ್ನುತ್ತಾರೆ. ಈಗ ನಾನು ಅನುಸರಿಸುವ ಕ್ರಮವೆಂದರೆ, ಚಿತ್ರವನ್ನು ಹಾಗೆಯೇ ಪ್ರತಿಮಾಡಿ, ಧ್ವನಿಯನ್ನು ಮಾತ್ರ ಬಿಡಿಸಿಕೊಂಡು, ಸಂಧಿಗಳಲ್ಲಿ ತಾಳಕ್ಕೆ ಸರಿಯಾಗಿ ಕೂಡಿಸಿ, ಒಂದೇ ಬಾರಿ ಎನ್‌ಕೋಡ್ ಮಾಡುವುದು. ಮಹಿಷನ ಪ್ರವೇಶದಲ್ಲಿಯೂ ಮೊಬೈಲಿನ ಚಿತ್ರವನ್ನಷ್ಟೇ ತೆಗೆದುಕೊಂಡು ಹಿಮ್ಮೇಳವನ್ನು ಕ್ಯಾಮೆರಾದಿಂದಲೇ ಮುಂದುವರಿಸುತ್ತೇನೆ. ದೃಶ್ಯ ಎಷ್ಟು ಜಿಗಿದರೂ ಚೆಂಡೆ ಜಿಗಿಯದಿದ್ದರೆ ನೋಡುವವನು ಅದನ್ನು ಒಂದೇ ಪ್ರವಾಹವೆಂದು ಒಪ್ಪಿಕೊಳ್ಳುತ್ತಾನೆ.

ಅನುಕ್ರಮವನ್ನು ನಿರ್ಣಯಿಸುವಲ್ಲಿ ಫೈಲಿನೊಳಗಿನ ಗಡಿಯಾರವನ್ನು ನಂಬಬೇಕೆಂದು ಬಲ್ಲವರು ಹೇಳುವರು. ಮೊಬೈಲುಗಳು ಸಾಮಾನ್ಯವಾಗಿ ಅಲ್ಲಿ ಬರೆಯುವುದು ವಿಶ್ವಕಾಲವನ್ನು. ಬೆಳಗಿನ ಜಾವ ಮೂರು ಗಂಟೆಯ ಕ್ಲಿಪ್ಪು ಹಿಂದಿನ ರಾತ್ರಿ ಒಂಬತ್ತೂವರೆಯದೆಂದು ತೋರುತ್ತದೆ. ನನ್ನ ಕ್ಯಾಮೆರಾ ಬರೆಯುವುದು ಸ್ಥಳೀಯ ಕಾಲವನ್ನು. ಇವೆರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಮಹಿಷನು ಹುಟ್ಟುವ ಮೊದಲೇ ಸತ್ತಿರುತ್ತಾನೆ! ಕಥೆ ಬಲ್ಲವನಿಗೆ ಇದು ಕೂಡಲೇ ತಿಳಿಯುವುದು; ಬಾರದವನಿಗೆ ಕೊಟ್ಟರೆ ಕಷ್ಟ.

ಇನ್ನು ನಿಜವಾಗಿಯೇ ಲುಪ್ತವಾದ ಭಾಗ. 32 ಗಿಗಾಬೈಟಿನ ಕಾರ್ಡು ಸುಮಾರು ಮೂರು ಗಂಟೆಗೆ ತುಂಬುವುದರಿಂದ, ಅದನ್ನು ಬದಲಾಯಿಸುವಾಗ ಆಟ ನಿಲ್ಲದಿದ್ದರೂ ಚಿತ್ರ ನಿಲ್ಲುತ್ತದೆ. ಈ ಎಡೆಯಲ್ಲಿ ಒಂದು ದೃಶ್ಯವು ಕರಗಿ ಇನ್ನೊಂದಾಗುವಂತೆ ಮಾಡಿ ನಯವಾಗಿ ದಾಟಿಬಿಡುವುದು ವಾಡಿಕೆಯಾದರೂ, ಕಲಾವಿದನು ಆಡಿದ ಒಂದೆರಡು ವಾಕ್ಯಗಳು ಅಲ್ಲಿ ಇರಲೇ ಇಲ್ಲವೆಂಬ ಭ್ರಾಂತಿಯನ್ನು ಅದು ಹುಟ್ಟಿಸುವುದರಿಂದ, ನಾನು ಕಪ್ಪು ಪರದೆಯನ್ನು ಕ್ಷಣಕಾಲ ಇಟ್ಟು ‘ಇಲ್ಲಿ ಸ್ವಲ್ಪ ಭಾಗ ದಾಖಲಾಗಿಲ್ಲ’ ಎಂದು ಬರೆಯುತ್ತೇನೆ. ಬಂಧುಗಳಲ್ಲಿ ಕೆಲವರಿಗೆ ಇದು ರುಚಿಸದು.

ಹೀಗೆ ಸಿದ್ಧವಾಗುವ ಎಂಟು ಗಂಟೆಗಳ ಫೈಲು ಸುಮಾರು 86 ಗಿಗಾಬೈಟು. ಅದನ್ನು ಮೂಲ ತುಣುಕುಗಳೊಡನೆ ಎರಡು ಹಾರ್ಡ್‌ಡಿಸ್ಕುಗಳಲ್ಲಿ ಬೇರೆ ಬೇರೆ ಮನೆಗಳಲ್ಲಿ ಇರಿಸಿದ್ದೇವೆ. ಆದರೆ ಅತ್ತಿಗೆಯವರ ಹಳೆಯ ಟಿ.ವಿ.ಗೆ ಫ್ಯಾಟ್32ರ ಪೆನ್‌ಡ್ರೈವೇ ಆಗಬೇಕು. ಅವರಿಗಾಗಿ ಸೆಕೆಂಡಿಗೆ 3 ಮೆಗಾಬಿಟ್‌ಗೆ ಇಳಿಸಿ, ಮಧುಕೈಟಭರಿಗೊಂದು, ಮಹಿಷನಿಗೊಂದು, ಚಂಡಮುಂಡರಿಂದ ಶುಂಭನಿಶುಂಭರವರೆಗೆ ಇನ್ನೊಂದು ಎಂದು ಮರಳಿ ವಿಭಾಗಿಸಿ ಕೊಡುತ್ತೇನೆ; ಅವರು ಮಧ್ಯದ್ದನ್ನು ಮಾತ್ರ ನೋಡುತ್ತಾರೆ.